ಅವ್ವ ನಿನ್ನೆ ಅಂಗಡಿ ತನಕ ನಡೆದಳು

ನಿನ್ನೆ ಸಂಜೆ ಅವ್ವ ವಾಕರ್ ಬಿಟ್ಟು, ಬರೀ ಕೋಲು ಹಿಡಿದು, ನಮ್ಮ ಗೇಟಿನಿಂದ ಮೂಲೆ ಅಂಗಡಿ ತನಕ ನಡೆದು ಹೋಗಿ ಬಂದಳು. ಬೀದಿಯಲ್ಲಿ ಇದ್ದವರೆಲ್ಲ ನೋಡಿದಿರಿ. ನಾನು ಒಂದು ಪ್ಲಾಸ್ಟಿಕ್ ಕುರ್ಚಿ ಹಿಡಿದುಕೊಂಡು ಹಿಂದೆ ಹಿಂದೆ ಹೋದೆ, ಸುಸ್ತಾದರೆ ಕೂರಿಸೋಣ ಅಂತ. ಕೂರಲೇ ಇಲ್ಲ. ಅಂಗಡಿ ಕಾಕಾ ಕೆಳಗಿಳಿದು ಬಂದು "ಬಂದ್ರಾ ಅಕ್ಕಾರೆ, ಬೆಲ್ಲ ತೆಗೆದಿಟ್ಟೀನಿ" ಅಂದಾಗ ನನಗೆ ಮಾತೇ ಹೊರಡಲಿಲ್ಲ. ಅದಕ್ಕೇ ನಮ್ಮ ಬೀದಿಯವರಿಗೆಲ್ಲ ಬರೆಯುತ್ತಿದ್ದೇನೆ. ಒಬ್ಬೊಬ್ಬರ ಎದುರು ನಿಂತು ಹೇಳಲು ಹೋದರೆ ಅತ್ತುಬಿಡುತ್ತೇನೆ.

ಆರು ತಿಂಗಳ ಹಿಂದಿನ ಆ ಬೆಳಗಿನ ಜಾವ ನಾನು ಬೆಂಗಳೂರಿನಲ್ಲಿ ಮಲಗಿದ್ದೆ. ದಾವಣಗೆರೆಯ ನಿಟುವಳ್ಳಿಯ ಮನೆಯಲ್ಲಿ ಅವ್ವ ಒಬ್ಬಳೇ. ಅವತ್ತು ನೀರಿನ ದಿನ. ದಾವಣಗೆರೆಯವರಿಗೆ ನೀರಿನ ದಿನ ಅಂದರೆ ಬಿಡಿಸಿ ಹೇಳಬೇಕಾಗಿಲ್ಲ. ರಾಜನಹಳ್ಳಿಯಲ್ಲಿ ಎತ್ತಿದ ತುಂಗಭದ್ರಾ ಹೊಳೆ ನೀರೋ, ಭದ್ರಾ ಕಾಲುವೆಯಿಂದ ತುಂಬಿಸಿಟ್ಟ ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆ ನೀರೋ, ನಮ್ಮ ನಲ್ಲಿಗೆ ಬರುವುದು ಕೆಲವು ದಿನಕ್ಕೊಮ್ಮೆ, ದಿನ ಎಣಿಸಿ, ಅದೂ ಎಷ್ಟೊತ್ತಿಗೋ. ಅವ್ವ ನಾಲ್ಕು ಗಂಟೆಗೆ ಎದ್ದು ನೆಲದಡಿಯ ನೀರಿನ ಸಂಪಿನೊಳಗೆ ಪೈಪು ಹಾಕಿ ತಿರುಗುವಾಗ, ಪಾಚಿ ಕಟ್ಟಿದ ಕಲ್ಲಿನ ಮೇಲೆ ಕಾಲು ಜಾರಿ ಬಿದ್ದಳು. ಸೊಂಟದ ಹತ್ತಿರ ಮೂಳೆ ಮುರಿಯಿತು. ಕೂಗಿದಳಂತೆ, ಆದರೆ ಅಕ್ಕಪಕ್ಕ ಎಲ್ಲರ ಮನೆಯಲ್ಲೂ ಮೋಟಾರು ಓಡುತ್ತಿತ್ತು, ಯಾರಿಗೂ ಕೇಳಿಸಲಿಲ್ಲ.

ಸಂಪು ತುಂಬಿತು. ತುಂಬಿ ಹೊರಗೆ ಹರಿದು, ಗೇಟಿನ ಕೆಳಗಿಂದ ರಸ್ತೆಗೆ ಬಂತು.

ಎದುರುಮನೆ ಆಂಟಿ ಬಾಗಿಲಿಗೆ ನೀರು ಹಾಕಲು ಬಂದವರು ಅದನ್ನು ನೋಡಿದರು. ಬೇರೆಯವರ ಮನೆ ಮುಂದೆ ನೀರು ಹರಿದಿದ್ದರೆ ಯಾರೋ ನಲ್ಲಿ ನಿಲ್ಲಿಸುವುದು ಮರೆತಿದ್ದಾರೆ ಅಂತ ಸುಮ್ಮನಿರುತ್ತಿದ್ದರೋ ಏನೋ. ಆದರೆ ಅದು ನಮ್ಮ ಅವ್ವನ ಮನೆ. ಅಕ್ಕಿ ತೊಳೆದ ನೀರನ್ನು ಕರಿಬೇವಿನ ಗಿಡಕ್ಕೆ ಹಾಕುವವಳು, ಕೊಡದ ತಳದಲ್ಲಿ ಉಳಿದ ನೀರನ್ನೂ ಬಕೆಟ್ಟಿಗೆ ಬಗ್ಗಿಸುವವಳು. "ಅಕ್ಕಾರು ನೀರು ಚೆಲ್ಲೋರಲ್ಲ ಕಣೋ, ಏನೋ ಆಗೇತಿ, ಗೇಟು ಹತ್ತು" ಅಂತ ಮಗನನ್ನು ಎಬ್ಬಿಸಿ ಕಳಿಸಿದರಂತೆ. ಆ ಒಂದು ಮಾತನ್ನು ನಾನು ಈ ಆರು ತಿಂಗಳಲ್ಲಿ ಎಷ್ಟು ಸಲ ನೆನೆಸಿಕೊಂಡಿದ್ದೇನೋ ಲೆಕ್ಕವಿಲ್ಲ. ಆಂಟಿ, ನೀವು ಅವ್ವನನ್ನು ಅಷ್ಟು ಚೆನ್ನಾಗಿ ತಿಳಿದುಕೊಂಡಿದ್ದೀರಿ ಅನ್ನುವ ಕಾರಣಕ್ಕೇ ಇವತ್ತು ನಮಗೆ ಅವ್ವ ಇದ್ದಾಳೆ.

ಆಮೇಲೆ ಓಡಿ ಬಂದವರು ಎಷ್ಟು ಜನ! ರಿಟೈರ್ಡ್ ನರ್ಸ್ ಅಕ್ಕ ಬಂದು "ಯಾರೂ ಎತ್ತಬೇಡ್ರಿ, ಹಂಗೇ ಇರ್ಲಿ" ಅಂದು, 108ಕ್ಕೆ ಫೋನ್ ಮಾಡಿಸಿ, ಗಾಡಿ ಬರುವ ತನಕ ಒದ್ದೆ ನೆಲದಲ್ಲೇ ಅವ್ವನ ತಲೆ ತೊಡೆ ಮೇಲಿಟ್ಟುಕೊಂಡು ಕೂತಿದ್ದರು. ನಾನು ಐದು ಗಂಟೆ ದಾರಿ ಹಾದು ಆಸ್ಪತ್ರೆ ಮುಟ್ಟಿದಾಗ ನಮ್ಮ ಬೀದಿಯ ಮೂರು ಜನ ಹೆಂಗಸರು ಬೆಂಚಿನ ಮೇಲೆ ಕೂತಿದ್ದರು. ಅವರ ಕೈಯಲ್ಲಿ ಒಂದು ಚೀಲ. ಅದರಲ್ಲಿ ಅವ್ವನ ಎರಡು ಹತ್ತಿ ಸೀರೆ, ಕನ್ನಡಕ, ಬಿ.ಪಿ. ಮಾತ್ರೆ, ಜೊತೆಗೆ ಎಲೆ ಅಡಿಕೆ ಸಂಚಿ. ನಾನೇ ಚೀಲ ತುಂಬಿದ್ದರೂ ಸಂಚಿ ಮರೆಯುತ್ತಿದ್ದೆ.

ಚಿಕ್ಕಂದಿನಲ್ಲಿ ಇದೆಲ್ಲ ನನಗೆ ಅರ್ಥವಾಗುತ್ತಿರಲಿಲ್ಲ. ನಮ್ಮ ಬೀದಿಯಲ್ಲಿ ಎಲ್ಲರಿಗೂ ಎಲ್ಲರ ವಿಷಯ ಯಾಕೆ ಬೇಕು ಅಂತ ಕೋಪ ಬರುತ್ತಿತ್ತು. ಅಪ್ಪಾಜಿ ಬಟ್ಟೆ ಮಿಲ್ಲಿನಲ್ಲಿದ್ದರು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು ಮಾಡಿದ ಊರಿನಲ್ಲಿ ಮಿಲ್ಲುಗಳು ಒಂದೊಂದೇ ಬಾಗಿಲು ಹಾಕಿದವು, ಅಪ್ಪಾಜಿ ಕೆಲಸವೂ ಹೋಯಿತು. ನಾಚಿಕೆಗೆ ಅಂಗಡಿ ಮುಂದೆ ಹಾಯುವುದನ್ನೇ ಬಿಟ್ಟರು, ಹಿಂದಿನ ಬೀದಿಯಿಂದ ಸುತ್ತಿ ಬರುತ್ತಿದ್ದರು. ಅದನ್ನು ಗಮನಿಸಿದ ಕಾಕಾ ಒಂದು ದಿನ ನನ್ನನ್ನು ಕರೆದು, ನಾವು ಕೇಳದೆಯೇ ತಿಂಗಳ ಸಾಮಾನು ಕಟ್ಟಿಕೊಟ್ಟರು. ಉದ್ದರಿ ಪುಸ್ತಕದಲ್ಲಿ ಬರೆದುಕೊಂಡರು, ತೀರಿಸಲು ನಮಗೆ ಎರಡು ವರ್ಷ ಹಿಡಿಯಿತು. ಅಕ್ಕಿ, ಬೇಳೆ, ಎಣ್ಣೆ ಎಲ್ಲ ಸ್ವಲ್ಪ ಕಡಿಮೆ ಕಟ್ಟಿದ್ದರು. ಬೆಲ್ಲ ಮಾತ್ರ ಎಂದಿನಷ್ಟೇ ಇತ್ತು, ಅವ್ವನಿಗೆ ಬೆಲ್ಲದ ಚಾ ಇಲ್ಲದಿದ್ದರೆ ಆಗುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ನಿನ್ನೆ ತೆಗೆದಿಟ್ಟಿದ್ದೂ ಅದೇ ಬೆಲ್ಲ. ಈ ವಿಷಯ ಅಪ್ಪಾಜಿ ಕೊನೆಯ ತನಕ ಹೇಳುತ್ತಿದ್ದರು, ಆದರೆ ಕಾಕಾನ ಎದುರು ಒಮ್ಮೆಯೂ ಹೇಳಲಿಲ್ಲ ಅಂತ ಕಾಣುತ್ತದೆ. ಕಾಕಾ, ಅವರ ಪರವಾಗಿ ನಾನು ಹೇಳುತ್ತಿದ್ದೇನೆ.

ಎಷ್ಟೊಂದು ನೆನಪಾಗುತ್ತಿದೆ. 1997ರ ಆಗಸ್ಟ್ 15ಕ್ಕೆ ನಮ್ಮೂರು ಚಿತ್ರದುರ್ಗ ಜಿಲ್ಲೆಯಿಂದ ಬೇರೆಯಾಗಿ ತಾನೇ ಜಿಲ್ಲೆ ಆದಾಗ, ಮನೆಯಲ್ಲಿದ್ದ ಇನ್‌ಲ್ಯಾಂಡ್ ಲೆಟರುಗಳ ಮೇಲೆ ಅಪ್ಪಾಜಿ ದೊಡ್ಡದಾಗಿ 'ದಾವಣಗೆರೆ ಜಿಲ್ಲೆ' ಅಂತ ಬರೆಯುತ್ತಿದ್ದದ್ದು. ಎರಡು ವರ್ಷಕ್ಕೊಮ್ಮೆ ಊರದೇವತೆ ದುಗ್ಗಮ್ಮನ ಜಾತ್ರೆ ಬಂದರೆ ಮನೆಮನೆಗೂ ಸುಣ್ಣ, ಮನೆಮನೆಗೂ ನೆಂಟರು, ನಮ್ಮ ನೆಂಟರಿಗೆ ಜಾಗ ಸಾಲದೆ ಅರ್ಧ ಜನ ಪಕ್ಕದ ಮನೆಯ ಟೆರೇಸಿನಲ್ಲಿ ಮಲಗುತ್ತಿದ್ದದ್ದು. ಬೆಳಿಗ್ಗೆ ಅವರಿಗೆ ಚಾ ಕೊಡುತ್ತಿದ್ದವರೂ ಪಕ್ಕದ ಮನೆಯವರೇ.

ಹಿಂದಿನ ಬೀದಿಯ ಚಾಚಿ ಬಗ್ಗೆ ಬರೆಯದಿದ್ದರೆ ಅವ್ವ ನನ್ನನ್ನು ಬಿಡುವುದಿಲ್ಲ. ಚಾಚಿಯ ತವರಿನವರು ಮಂಡಕ್ಕಿ ಹುರಿಯುವ ಭಟ್ಟಿಯವರು. ಇಪ್ಪತ್ತು ವರ್ಷದಿಂದ ನಾಲ್ಕು ಗಂಟೆಗೆ ಚಾಚಿ ಮಂಡಕ್ಕಿ ತರುವುದು, ಅವ್ವ ಶೇಂಗಾ ಹುರಿಯುವುದು, ಇಬ್ಬರೂ ನಮ್ಮ ಕಟ್ಟೆ ಮೇಲೆ ಕೂತು ತಿನ್ನುವುದು. ಆಪರೇಷನ್ ಆದಮೇಲೆ ಅವ್ವನಿಗೆ ಕಟ್ಟೆಗೆ ಬರಲು ಆಗಲಿಲ್ಲ, ಚಾಚಿಯೇ ಮಂಚದ ಹತ್ತಿರ ಬಂದರು. ಫಿಸಿಯೋ ಹುಡುಗ ಹೇಳಿದ ವ್ಯಾಯಾಮ ಅವ್ವ ಮಾಡುತ್ತಿರಲಿಲ್ಲ, ನೋವು ಅಂತ ಅಳುತ್ತಿದ್ದಳು, ನನ್ನ ಮೇಲೆ ರೇಗುತ್ತಿದ್ದಳು. ಚಾಚಿ ಪ್ಲೇಟು ತೊಡೆ ಮೇಲಿಟ್ಟುಕೊಂಡು "ಹತ್ತು ಸಲ ಕಾಲು ಎತ್ರಿ, ಆಮೇಲೇ ಮೆಣಸಿನಕಾಯಿ" ಅನ್ನುತ್ತಿದ್ದರು. ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಬಿಸಿ ಮೆಣಸಿನಕಾಯಿ ವಾಸನೆ ಮೂಗಿಗೆ ಬಡಿಯುತ್ತಿದ್ದಂತೆ ಅವ್ವ ಹಲ್ಲು ಕಚ್ಚಿಕೊಂಡು ಒಂದು, ಎರಡು ಅಂತ ಎಣಿಸುತ್ತಿದ್ದಳು. ಮೊದಲ ವಾರ ನಾಲ್ಕಕ್ಕೇ ನಿಲ್ಲುತ್ತಿತ್ತು. ಒಂದು ದಿನ ಹನ್ನೆರಡಕ್ಕೆ ಹೋಯಿತು, ಚಾಚಿ ಅವ್ವನ ಕಾಲು ಹಿಡಿದುಕೊಂಡು ಅತ್ತರು. ಬಾಗಿಲಲ್ಲಿ ನಿಂತಿದ್ದ ನಾನೂ ಅತ್ತೆ.

ಇನ್ನೂ ಹೇಳಬೇಕಾದವರು ಬಹಳ ಜನ ಇದ್ದೀರಿ. ರಾತ್ರಿ ಹನ್ನೊಂದಕ್ಕೂ ಬಾಗಿಲು ತೆರೆದು ಇಂಜೆಕ್ಷನ್ ಕೊಟ್ಟ ಮೆಡಿಕಲ್ ಶಾಪ್ ಅಣ್ಣ, ಡ್ರೆಸ್ಸಿಂಗಿಗೆ ಕರೆದುಕೊಂಡು ಹೋದ ದಿನ ಗುಂಡಿ ಬಂದಲ್ಲೆಲ್ಲ ಆಟೋ ನಿಲ್ಲಿಸಿ ನಿಲ್ಲಿಸಿ ಓಡಿಸಿದ ಆಟೋ ಅಣ್ಣ, ನಾನು ಬೆಂಗಳೂರಿಗೆ ಹೋಗಿ ಬರುವ ದಿನಗಳಲ್ಲಿ ಅವ್ವನ ಕೋಣೆಯಲ್ಲೇ ಓದಿಕೊಂಡು ಮಲಗಿದ ಪಕ್ಕದ ಮನೆ ಹುಡುಗಿ. ನೀನು ಪರೀಕ್ಷೆ ಹತ್ತಿರವಿದ್ದರೂ ಒಂದು ದಿನವೂ ಬೇಸರ ಮಾಡಿಕೊಳ್ಳಲಿಲ್ಲ ಪುಟ್ಟಿ. ನಿನ್ನ ಋಣ ಜಾಸ್ತಿ.

ಅಡುಗೆಮನೆ ಕಟ್ಟೆ ಮೇಲೆ ಒಂಬತ್ತು ಸ್ಟೀಲ್ ಡಬ್ಬಿ ತೊಳೆದು ಇಟ್ಟಿದ್ದೇನೆ. ಸಾರು, ಪಲ್ಯ, ಮುದ್ದೆ, ಮೊಸರನ್ನ, ಏನೇನೋ ಬಂದಿದ್ದ ಡಬ್ಬಿಗಳು. ಎಂಟರ ಮೇಲೆ ಹೆಸರು ಕೊರೆದಿದೆ, ತಲುಪಿಸುತ್ತೇನೆ. ಒಂದರ ಮುಚ್ಚಳದ ಮೇಲೆ 'ಗೃಹಪ್ರವೇಶ 1994' ಅಂತ ಮಾತ್ರ ಇದೆ. ಯಾರದು ಅಂತ ಹೇಳಿ.

ಬರುವ ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಹೋಳಿಗೆ ಊಟ. ಬೀದಿಯವರೆಲ್ಲರೂ ಬರಬೇಕು, ಮಕ್ಕಳನ್ನೂ ಕರೆದುಕೊಂಡು. ಅವತ್ತು ನೀರಿನ ದಿನ ಅಂತ ಅವ್ವ ಈಗಲೇ ಎಣಿಸಿ ಹೇಳಿದ್ದಾಳೆ, ತುಂಬಿಸಿಕೊಂಡು ಬನ್ನಿ. ನಮ್ಮ ಸಂಪಿನ ಪೈಪು ಈ ಸಲ ನಾನು ಹಾಕುತ್ತೇನೆ.