ನನ್ನ ಸಾಲುಗಳನ್ನು ತಿದ್ದಿದವರಿಗೆ

ಫೈರ್‌ಫಾಕ್ಸ್‌ನ ಕನ್ನಡ ಅನುವಾದಕ್ಕೆ ಕೈಹಾಕಿದಾಗ ಮೊಜಿಲ್ಲಾದ ಅನುವಾದ ತಾಣವಾದ ಪಾಂಟೂನ್‌ನಲ್ಲಿ ನಾನು ಬರೀ ಸಲಹೆ ಕೊಡಬಹುದಿತ್ತು. ಯಾರಾದರೂ ನೋಡಿ ಒಪ್ಪಿದರೆ ಮಾತ್ರ ಅದು ಬ್ರೌಸರ್‌ಗೆ ಹೋಗುತ್ತದೆ. ನನ್ನವನ್ನು ನೋಡುತ್ತಿದ್ದವರು ನೀವು. ನಿಮ್ಮ ಮುಖ ಕಂಡಿಲ್ಲ, ನಿಜವಾದ ಹೆಸರೂ ಗೊತ್ತಿಲ್ಲ.

ಟ್ಯಾಬ್ ಎಣಿಸುವ ಸಾಲೊಂದರಲ್ಲಿ ಏಕವಚನಕ್ಕೂ ಬಹುವಚನಕ್ಕೂ ‘ಟ್ಯಾಬ್‌ಗಳು’ ಅಂತಲೇ ಬರೆದಿದ್ದೆ. ಹಾಗೇ ಬಿಟ್ಟಿದ್ದರೆ ಪರದೆಯ ಮೇಲೆ ‘1 ಟ್ಯಾಬ್‌ಗಳು’ ಅಂತ ಬರುತ್ತಿತ್ತು. ನೀವು ಸುಮ್ನೆ ತಿರಸ್ಕರಿಸಬಹುದಿತ್ತು, ಅಲ್ವಾ? ಆದರೆ ಎರಡು ರೂಪ ಯಾಕೆ ಬೇಕು ಅಂತ ಕಾಮೆಂಟಿನಲ್ಲಿ ಬಿಡಿಸಿ ಹೇಳಿದಿರಿ. ಇನ್ನೊಮ್ಮೆ ನನ್ನ ಉದ್ದದ ಸಾಲನ್ನು ಅರ್ಧಕ್ಕೆ ಇಳಿಸಿ, “ಓದುವವರು ಬಸ್ಸಿನಲ್ಲಿ ನಿಂತು ಒಂದೇ ಕೈಯಲ್ಲಿ ಫೋನ್ ಹಿಡಿದಿರುತ್ತಾರೆ” ಅಂದಿರಿ. ಆ ಮಾತು ನನ್ನ ಬರವಣಿಗೆಯನ್ನೇ ಬದಲಿಸಿತು. ಈಗಲೂ ಪ್ರತಿ ಬಟನ್ನಿಗೆ ಪದ ಹುಡುಕುವಾಗ ಆ ಬಸ್ಸು ಕಣ್ಣ ಮುಂದೆ ಬರುತ್ತದೆ.

ಆಮೇಲೆ ನನಗೆ ಅನುವಾದಕನ ಹಕ್ಕು ಸಿಕ್ಕಿತು. ನಾನು ಕೇಳಿರಲಿಲ್ಲ. ನೀವೇ ಕನ್ನಡ ತಂಡದ ಮ್ಯಾನೇಜರ್‌ಗೆ ಹೇಳಿದ್ದಿರಿ ಅಂತ ತಡವಾಗಿ ತಿಳಿಯಿತು. ಈಗ ನನ್ನ ಸಾಲುಗಳಿಗೆ ಇನ್ನೊಬ್ಬರ ಒಪ್ಪಿಗೆ ಬೇಕಿಲ್ಲ. ಹಾಗಾಗಿಯೇ ಮೊದಲಿಗಿಂತ ಜಾಸ್ತಿ ಸಲ ಓದಿ ನೋಡುತ್ತೇನೆ. ಬೇರೆಯವರ ಸಲಹೆಗಳನ್ನೂ ಪರಿಶೀಲಿಸುತ್ತೇನೆ.

ನಿನ್ನೆ ಹೊಸಬರೊಬ್ಬರ ಸಾಲಿನಲ್ಲಿ ‘1 ಫೈಲ್‌ಗಳು’ ಕಂಡಿತು. ತಿರಸ್ಕರಿಸುವ ಮೊದಲು ಕಾಮೆಂಟ್ ಬರೆಯಲು ಕೂತೆ. ತುಂಬಾ ಥ್ಯಾಂಕ್ಸ್.