ಬಾಕ್ಸರ್‌ಗೆ ಬಿದ್ದ ಪೆಟ್ಟಿನ ಲೆಕ್ಕ ಬರೆಯುವವರು ಯಾರು?

ಮಾನ್ಯ ಸಂಪಾದಕರೇ,

ನಾನು ಮೂವತ್ತೊಂದು ವರ್ಷ ಶುಶ್ರೂಷಕಿಯಾಗಿ ದುಡಿದು ನಿವೃತ್ತಳಾದವಳು. ಕಳೆದ ವರ್ಷ ತಂಗಿಯ ಮಗನ ಬಾಕ್ಸಿಂಗ್ ಪಂದ್ಯ ನೋಡಲು ಕಲಬುರಗಿಯ ಒಂದು ಕಲ್ಯಾಣ ಮಂಟಪಕ್ಕೆ ಹೋಗಿದ್ದೆ. ವಧೂವರರು ಕೂರುವ ವೇದಿಕೆಯ ಮೇಲೆ ಹಗ್ಗ ಕಟ್ಟಿ ರಿಂಗ್ ಮಾಡಿದ್ದರು. ಗೆದ್ದವನಿಗೆ ಎಂಟು ಸಾವಿರ, ಸೋತವನಿಗೆ ಮೂರು ಸಾವಿರ ರೂಪಾಯಿ. ಎರಡನೇ ಸುತ್ತಿನಲ್ಲಿ ಗದ್ದಕ್ಕೆ ಪೆಟ್ಟು ಬಿದ್ದು ಹುಡುಗ ಕುಸಿದ. ಹತ್ತು ಎಣಿಸಿ ಮುಗಿದ ಮೇಲೆ ಎದ್ದವನು ತನ್ನ ಮೂಲೆಗೆ ಬರಲಿಲ್ಲ, ಎದುರಾಳಿಯ ಮೂಲೆಗೆ ಹೋಗಿ ಕುಳಿತ. ಜನ ನಕ್ಕರು. ನನಗೆ ಕೈಕಾಲು ತಣ್ಣಗಾದವು. ವೈದ್ಯರನ್ನು ಹುಡುಕಿದೆ, ಇರಲಿಲ್ಲ. ಆಂಬುಲೆನ್ಸ್ ಇರಲಿಲ್ಲ. ಇದ್ದದ್ದು ಒಂದು ಬಕೆಟ್ ಐಸ್ ನೀರು, ಒಂದು ಡಬ್ಬಿ ವ್ಯಾಸಲೀನ್.

ಒಂದು ತಿಂಗಳು ಕೈಗವಸು ಮುಟ್ಟಕೂಡದು ಎಂದು ತಾಕೀತು ಮಾಡಿ ಊರಿಗೆ ಕರೆತಂದೆ. ಹನ್ನೊಂದನೇ ದಿನ ಯಾರಿಗೂ ಹೇಳದೆ ಬಸ್ ಹತ್ತಿದ. ಗಡಿಯಾಚೆಯ ಪಟ್ಟಣವೊಂದರಲ್ಲಿ ಮತ್ತೊಂದು ಪಂದ್ಯವಿತ್ತು. ಹಿಂದೆ ತಲೆಗೆ ಪೆಟ್ಟಾಗಿದೆಯೇ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಮೊದಲ ಸುತ್ತಿನಲ್ಲೇ, ದೊಡ್ಡದೇನಲ್ಲದ ಒಂದು ಹೊಡೆತಕ್ಕೆ ಬಿದ್ದ. ಬಾಡಿಗೆ ಕಾರಿನಲ್ಲಿ ಆಸ್ಪತ್ರೆಗೆ ಒಯ್ದರು. ತಲೆಬುರುಡೆ ತೆರೆದು ಹೆಪ್ಪುಗಟ್ಟಿದ ರಕ್ತ ತೆಗೆದರು. ಬದುಕಿದ್ದಾನೆ. ಬಲಗೈಯಿಂದ ಜೋಳದ ರೊಟ್ಟಿ ಮುರಿಯಲು ಆಗುವುದಿಲ್ಲ. ನನ್ನನ್ನು ‘ದೊಡ್ಡವ್ವ’ ಎಂದು ಕರೆಯಲು ಹೊರಟು ಆ ಪದಕ್ಕಾಗಿ ತಡವರಿಸುತ್ತಾನೆ.

ಅವನ ತರಬೇತಿ ಕೋಣೆಯ ಗೋಡೆಯಲ್ಲಿ ವಿಜೇಂದರ್ ಸಿಂಗ್ ಮತ್ತು ನಿಜಾಮಾಬಾದಿನ ನಿಖತ್ ಜರೀನ್ ಅವರ ಚಿತ್ರಗಳಿವೆ. ಇಬ್ಬರೂ ಹೆಸರು ಮಾಡಿದ್ದು ಫೆಡರೇಷನ್ ನಡೆಸುವ ಹವ್ಯಾಸಿ ಬಾಕ್ಸಿಂಗ್‌ನಲ್ಲಿ. ಅಲ್ಲಿ ತಲೆಗೆ ಪೆಟ್ಟು ತಿಂದು ಸೋತವನಿಗೆ ಕನಿಷ್ಠ 30 ದಿನ ಕಡ್ಡಾಯ ವಿಶ್ರಾಂತಿ. ಅದು ದಾಖಲೆಯಲ್ಲೂ ಸೇರುತ್ತದೆ. ಹಣಕ್ಕಾಗಿ ಆಡುವ ಪಂದ್ಯಗಳ ಮೇಲೆ ಮಾತ್ರ ಅಂಥ ಸರ್ಕಾರಿ ಕಣ್ಣು ನಮ್ಮಲ್ಲಿ ಇಲ್ಲ. 2022ರ ಜುಲೈನಲ್ಲಿ ಬೆಂಗಳೂರಿನ ಕಿಕ್ ಬಾಕ್ಸಿಂಗ್ ಸ್ಪರ್ಧೆಯಲ್ಲಿ ಪೆಟ್ಟು ತಿಂದ ಮೈಸೂರಿನ ಯುವಕ ತೀರಿಕೊಂಡಾಗ ಕೆಲವು ದಿನ ಚರ್ಚೆಯಾಯಿತು, ಆಮೇಲೆ ಎಲ್ಲರೂ ಮರೆತರು.

ಸಂವಿಧಾನದಲ್ಲಿ ಕ್ರೀಡೆ ರಾಜ್ಯಪಟ್ಟಿಯ ವಿಷಯ. ಅಮೆರಿಕದಲ್ಲೂ ಬಾಕ್ಸಿಂಗ್ ಆಯಾ ರಾಜ್ಯದ ಆಯೋಗದ ಕೈಯಲ್ಲಿದೆ. ಒಂದು ರಾಜ್ಯದಲ್ಲಿ ನೆಲಕಚ್ಚಿದವನು ಪಕ್ಕದ ರಾಜ್ಯಕ್ಕೆ ಹೋಗಿ ಆಡುವುದು ಅಲ್ಲಿಯೂ ನಡೆಯುತ್ತಿತ್ತು. ಅದನ್ನು ತಡೆಯಲು 1996ರಲ್ಲಿ ಅವರ ಸಂಸತ್ತು ಕಾನೂನು ಮಾಡಿತು: ಪ್ರತಿ ಬಾಕ್ಸರ್‌ಗೆ ಗುರುತಿನ ಚೀಟಿ, ಪಂದ್ಯಕ್ಕೆ ಮುನ್ನ ವೈದ್ಯಕೀಯ ತಪಾಸಣೆ, ರಿಂಗ್ ಬದಿಯಲ್ಲಿ ವೈದ್ಯರು. ನಾಕ್‌ಔಟ್ ಆದವನಿಗೆ ಒಂದು ರಾಜ್ಯ ತಡೆ ವಿಧಿಸಿದರೆ ಉಳಿದ ರಾಜ್ಯಗಳೂ ಅದನ್ನು ಪಾಲಿಸಬೇಕು. ಈ ಕೊನೆಯ ಮಾತು ಬೇರೆಲ್ಲರಿಗಿಂತ ನಮ್ಮ ಭಾಗಕ್ಕೆ ಬೇಕು. ಬೀದರಿನಿಂದ ಹೊರಟರೆ ಒಂದು ಕಡೆ ತೆಲಂಗಾಣದ ಜಹೀರಾಬಾದ್, ಇನ್ನೊಂದು ಕಡೆ ಮಹಾರಾಷ್ಟ್ರದ ಉದಗೀರ್. ಕಲಬುರಗಿಯಿಂದ ಸೊಲ್ಲಾಪುರಕ್ಕೆ ರೈಲೇ ಇದೆ. ಕರ್ನಾಟಕವೊಂದೇ ನಿಯಮ ಮಾಡಿ ಕುಳಿತರೆ ನಮ್ಮ ಹುಡುಗರು ಬೆಳಗಿನ ಬಸ್ಸಿಗೆ ಅದನ್ನು ದಾಟುತ್ತಾರೆ.

ಪೂರ್ತಿ ನಿಷೇಧಿಸಿ ಎನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ನಮ್ಮ ಜಾತ್ರೆಗಳಲ್ಲಿ ತೆಂಗಿನಕಾಯಿ ಕುಸ್ತಿಯಿಂದ ಹಿಡಿದು ಬೆಳ್ಳಿ ಕಡಗದ ಕುಸ್ತಿಯವರೆಗೆ ನೋಡಿ ಬೆಳೆದವಳು ನಾನು. ಮೈಯಲ್ಲಿ ಬಲವಿರುವ ಬಡ ಹುಡುಗನ ಆಸೆ ನನಗೆ ಗೊತ್ತು. ಬ್ರಿಟನ್ನಿನಲ್ಲಿ 1991ರಲ್ಲಿ ಮೈಕೆಲ್ ವಾಟ್ಸನ್ ಎಂಬ ಬಾಕ್ಸರ್ ಮಿದುಳಿಗೆ ಪೆಟ್ಟಾಗಿ ಕುಸಿದಾಗ ಉಸಿರಾಟ ಸರಿಪಡಿಸುವ ಚಿಕಿತ್ಸೆ ರಿಂಗ್ ಬದಿಯಲ್ಲೇ ಸಿಗಲಿಲ್ಲ. ನಿಯಮ ಮಾಡುವ ಮಂಡಳಿಯೇ ಇದಕ್ಕೆ ಹೊಣೆ ಎಂದು ಅಲ್ಲಿನ ನ್ಯಾಯಾಲಯ ತೀರ್ಪಿತ್ತಿತು. ನಮ್ಮಲ್ಲಿ ಹೊಣೆ ಹೊರಿಸಲು ಅಂಥ ಒಂದು ಮಂಡಳಿಯಾದರೂ ಬೇಕಲ್ಲವೇ?

ಕೇಂದ್ರದ ಕಾನೂನು ಬರಲು ಕಾಲ ಹಿಡಿಯಬಹುದು. ಅಲ್ಲಿಯವರೆಗೆ ಬೀದರ್, ಕಲಬುರಗಿ, ಯಾದಗಿರಿ ಜಿಲ್ಲಾಡಳಿತಗಳು ಬಹುಮಾನದ ಹಣವಿರುವ ಪಂದ್ಯಕ್ಕೆ ವೈದ್ಯರು, ಆಂಬುಲೆನ್ಸ್ ಇಲ್ಲದೆ ಅನುಮತಿ ಕೊಡಬಾರದು. ಪ್ರತಿ ಬಾಕ್ಸರ್‌ಗೆ ಪೆಟ್ಟಿನ ಲೆಕ್ಕದ ಪುಸ್ತಕವೊಂದನ್ನು ಕೊಟ್ಟು, ಅದರ ಪ್ರತಿಯನ್ನು ಗಡಿಯಾಚೆಯ ಜಿಲ್ಲೆಗಳಿಗೂ ಕಳುಹಿಸಬೇಕು. ಬರೆಯುವವರು ಇಲ್ಲ ಎಂಬ ನೆಪ ಬೇಡ. ಈ ಮೂರು ಜಿಲ್ಲೆಗಳಲ್ಲಿ ಎಲ್ಲಿ ಕರೆದರೂ ರಿಂಗ್ ಬದಿಯಲ್ಲಿ ಕುಳಿತು ಬರೆದುಕೊಡುತ್ತೇನೆ. ನನಗೆ ಬಸ್ ಚಾರ್ಜೂ ಬೇಡ.

— ನಿವೃತ್ತ ಶುಶ್ರೂಷಕಿ, ಹುಮನಾಬಾದ್, ಬೀದರ್ ಜಿಲ್ಲೆ