ಎರಡೇ ಹೆಸರಿನ ಮತಪತ್ರ: ನ್ಯೂಯಾರ್ಕ್ ಗವರ್ನರ್‌ಗೆ ಒಂದು ಬಹಿರಂಗ ಪತ್ರ

ಮಾನ್ಯ ಗವರ್ನರ್ ಕ್ಯಾಥಿ ಹೋಕುಲ್ ಅವರಿಗೆ ನಮಸ್ಕಾರಗಳು.

ನಾನು ಲಾಂಗ್ ಐಲ್ಯಾಂಡಿನ ಹಿಕ್ಸ್‌ವಿಲ್‌ನಲ್ಲಿ ಇರುವವಳು. ಹುಟ್ಟಿದ್ದು ಮಂಡ್ಯ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಇಲ್ಲಿಗೆ ಬಂದು ಇಪ್ಪತ್ತು ವರ್ಷ ದಾಟಿತು, ಪೌರತ್ವ ಸಿಕ್ಕಿದ್ದು 2016ರಲ್ಲಿ. ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಕನ್ನಡದಲ್ಲೂ ಬರೆಯುತ್ತಿರುವುದು ನಮ್ಮವರು ಓದಲಿ ಅಂತ. ಈ ರಾಜ್ಯದಲ್ಲಿ ಓಟು ಹಾಕುವ ಕನ್ನಡಿಗರಲ್ಲಿ ಎಷ್ಟೋ ಜನರಿಗೆ ಈ ನಿಯಮ ಇದೆ ಅನ್ನೋದೇ ಗೊತ್ತಿಲ್ಲ.

ಮುಖ್ಯವಾಗಿ ಕೇಳುತ್ತಿರುವುದು ಒಂದು. ಇಡೀ ರಾಜ್ಯದ ಚುನಾವಣೆಗೆ ನಿಲ್ಲುವ ಸಣ್ಣ ಪಕ್ಷದವರು, ಪಕ್ಷೇತರರು ಮತಪತ್ರದಲ್ಲಿ ಹೆಸರು ಹಾಕಿಸಲು ತರಬೇಕಾದ ಸಹಿಗಳನ್ನು 45,000ದಿಂದ ಹಿಂದೆ ಇದ್ದ 15,000ಕ್ಕೆ ಇಳಿಸಿ. ಅಷ್ಟು ಮಾಡಿ.

2022ರ ನವೆಂಬರ್‌ನಲ್ಲಿ ನಮ್ಮ ಮನೆ ಹತ್ತಿರದ ಶಾಲೆಯ ಜಿಮ್‌ನಲ್ಲಿ ಓಟು ಹಾಕಲು ಹೋಗಿದ್ದೆ. ಕೈಗೆ ಮತಪತ್ರ ಕೊಟ್ಟರು. ಗವರ್ನರ್ ಸ್ಥಾನದ ಎದುರು ನಾಲ್ಕು ಪಕ್ಷಗಳ ಹೆಸರಿತ್ತು. ಡೆಮಾಕ್ರಟಿಕ್, ರಿಪಬ್ಲಿಕನ್, ಕನ್ಸರ್ವೇಟಿವ್, ವರ್ಕಿಂಗ್ ಫ್ಯಾಮಿಲೀಸ್. ಅಭ್ಯರ್ಥಿಗಳು ಮಾತ್ರ ಇಬ್ಬರೇ, ಎರಡೆರಡು ಪಕ್ಷಗಳು ಸೇರಿ ಒಬ್ಬರನ್ನೇ ನಿಲ್ಲಿಸಿದ್ದವು. ನಿಮ್ಮ ಹೆಸರು ಎರಡು ಸಲ, ರಿಪಬ್ಲಿಕನ್ ಪಕ್ಷದ ಲೀ ಝೆಲ್ಡಿನ್ ಅವರ ಹೆಸರು ಎರಡು ಸಲ. ಪೆನ್ನು ಹಿಡಿದುಕೊಂಡು ಸುಮ್ನೆ ನಿಂತೆ. 2018ರಲ್ಲಿ ಇದೇ ಜಾಗದಲ್ಲಿ ಐದು ಜನ ಅಭ್ಯರ್ಥಿಗಳಿದ್ದರು. ನಾಲ್ಕು ವರ್ಷದಲ್ಲಿ ಮೂರು ಹೆಸರು ಎಲ್ಲಿಗೆ ಹೋದವು? 2024ರಲ್ಲಿ ಅಧ್ಯಕ್ಷರ ಚುನಾವಣೆಯಲ್ಲೂ ಅದೇ ಕಥೆ. ಹ್ಯಾರಿಸ್, ಟ್ರಂಪ್, ಅಷ್ಟೇ. ಬೇರೆ ಯಾರಾದರೂ ಬೇಕು ಅಂದರೆ ನಾವೇ ಹೆಸರು ಬರೆದು ಹಾಕಬೇಕಿತ್ತು.

ಎಲ್ಲಿಗೆ ಹೋದವು ಅಂತ ನಿಮಗೆ ಗೊತ್ತು. 2020ರ ಏಪ್ರಿಲ್. ಕೋವಿಡ್‌ನಿಂದ ಜನ ಸಾಯುತ್ತಿದ್ದರು, ನಾವೆಲ್ಲ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದೆವು. ಆಗ ರಾಜಧಾನಿ ಆಲ್ಬನಿಯಲ್ಲಿ ರಾಜ್ಯದ ಬಜೆಟ್ ಪಾಸಾಯಿತು. ಆ ಬಜೆಟ್ಟಿನ ಒಳಗೆ ಚುನಾವಣಾ ನಿಯಮವನ್ನೂ ಸೇರಿಸಿದ್ದರು. ಅದಕ್ಕೂ ಮೊದಲು ಒಂದು ಆಯೋಗದ ಮೂಲಕ ಇದೇ ನಿಯಮ ತರಲು ಹೋಗಿ, ಕೋರ್ಟು ಬೇಡ ಅಂದಿತ್ತು. ಅದನ್ನೇ ಬಜೆಟ್ಟಿನಲ್ಲಿ ತಂದರು. ಮೊದಲು ಗವರ್ನರ್ ಚುನಾವಣೆಯಲ್ಲಿ 50,000 ಓಟು ಬಂದರೆ ಸಾಕಿತ್ತು, ನಾಲ್ಕು ವರ್ಷ ಪಕ್ಷದ ಮಾನ್ಯತೆ ಉಳಿಯುತ್ತಿತ್ತು. ಈಗ 1,30,000 ಓಟು ಅಥವಾ ಒಟ್ಟು ಮತದಲ್ಲಿ 2%, ಎರಡರಲ್ಲಿ ಯಾವುದು ಜಾಸ್ತಿಯೋ ಅದು ಬರಬೇಕು. ಅದೂ ಎರಡು ವರ್ಷಕ್ಕೊಮ್ಮೆ. 2018ರಲ್ಲಿ ಗ್ರೀನ್ ಪಕ್ಷದ ಹೋವಿ ಹಾಕಿನ್ಸ್‌ಗೆ ಒಂದು ಲಕ್ಷಕ್ಕೂ ಜಾಸ್ತಿ ಜನ ಓಟು ಹಾಕಿದ್ದರು. ಲಿಬರ್ಟೇರಿಯನ್ ಪಕ್ಷದ ಲ್ಯಾರಿ ಶಾರ್ಪ್‌ಗೆ 90,000ಕ್ಕೂ ಜಾಸ್ತಿ. ಹಳೆಯ ನಿಯಮದಲ್ಲಿ ಇಬ್ಬರೂ ಪಾಸು. ಹೊಸ ನಿಯಮ ಬಂದ ಮೇಲೆ 2020ರ ಚುನಾವಣೆ ಮುಗಿಯುವಷ್ಟರಲ್ಲಿ ಎರಡೂ ಪಕ್ಷಗಳ ಮಾನ್ಯತೆ ಹೋಯಿತು.

ಮಾನ್ಯತೆ ಇಲ್ಲದವರಿಗೆ ಉಳಿದದ್ದು ಸಹಿಯ ದಾರಿ ಒಂದೇ. ಆರು ವಾರದಲ್ಲಿ 45,000 ಸಹಿ. ದಿನಕ್ಕೆ ಸಾವಿರದ ಮೇಲೆ ಬಿತ್ತು. ಸಾಲದ್ದಕ್ಕೆ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತಿಗೆ ರಾಜ್ಯದಲ್ಲಿರುವ ಕ್ಷೇತ್ರಗಳಲ್ಲಿ ಅರ್ಧದಷ್ಟರಲ್ಲಿ ತಲಾ 500 ಸಹಿ ಇರಲೇಬೇಕು.

ಕಾನೂನು ನಿಮಗೆ ನಾನು ಹೇಳಿಕೊಡಬೇಕಿಲ್ಲ. ಆದರೆ ಆ ಸಹಿ ಹಾಕಿಸೋದು ಅಂದರೆ ಏನು ಅಂತ ಕೇಳಿ.

2022ರ ಏಪ್ರಿಲ್ ಕೊನೆಯಲ್ಲಿ ಒಂದು ಸಣ್ಣ ಪಕ್ಷಕ್ಕೆ ಸಹಿ ಸಂಗ್ರಹಿಸಲು ನಾನೂ ಒಪ್ಪಿಕೊಂಡೆ. ಆ ಪಕ್ಷದ ಎಲ್ಲ ಮಾತೂ ನನಗೆ ಒಪ್ಪಿಗೆ ಅಂತಲ್ಲ. ಅವರೂ ಕಣದಲ್ಲಿರಲಿ ಅಂತ, ಅಷ್ಟೇ. ಒಂದು ಶನಿವಾರ ಇಲ್ಲಿನ ಇಂಡಿಯನ್ ದಿನಸಿ ಅಂಗಡಿಯೊಂದರ ಹತ್ತಿರ ಫುಟ್‌ಪಾತ್ ಮೇಲೆ ರಟ್ಟಿನ ಹಲಗೆ, ನಾಲ್ಕು ಪೆನ್ನು ಹಿಡಿದು ನಿಂತೆ. ಚಳಿ ಇನ್ನೂ ಹೋಗಿರಲಿಲ್ಲ, ಮಧ್ಯಾಹ್ನ ಮಳೆ ಹನಿ ಬೇರೆ. ಹಾಳೆ ನೆನೆಯಬಾರದು ಅಂತ ಜಾಕೆಟ್ಟಿನ ಒಳಗೆ ಇಟ್ಟುಕೊಂಡೆ. ಬರುವವರು ಕೈಯಲ್ಲಿ ಕರಿಬೇವು, ಅಕ್ಕಿ ಮೂಟೆ ಹಿಡಿದು ಓಡುತ್ತಾರೆ. ನಿಂತವರಲ್ಲಿ ಅರ್ಧ ಜನ ಗ್ರೀನ್ ಕಾರ್ಡಿನವರು, ಸಹಿ ಹಾಕುವ ಹಾಗಿಲ್ಲ. ನಮ್ಮ ಕಡೆಯ ಹಿರಿಯರೊಬ್ಬರು ಪೂರ್ತಿ ಕೇಳಿಸಿಕೊಂಡು, "ಪೌರತ್ವ ಬರಲಿ ತಾಯಿ, ಮೊದಲ ಸಹಿ ನಿಮಗೇ ಹಾಕ್ತೀನಿ" ಅಂದು ಹೋದರು. ಆರು ಗಂಟೆ ನಿಂತು 31 ಸಹಿ ಸಿಕ್ಕಿತು.

ಅದರಲ್ಲಿ ಒಂದು ಸಹಿ ನಾನು ಮರೆಯುವುದಿಲ್ಲ. ಲಾಂಗ್ ಐಲ್ಯಾಂಡ್ ರೈಲಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬ ಅಜ್ಜ. ಕೈ ನಡುಗುತ್ತಿತ್ತು. 1992ರಲ್ಲಿ ಪಕ್ಷೇತರರಾಗಿ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ರಾಸ್ ಪೆರೋಗೆ ಓಟು ಹಾಕಿದವರಂತೆ. "ಸುಮಾರು 19% ಓಟು ಬಂತಮ್ಮ, ಒಂದು ರಾಜ್ಯವೂ ಸಿಗಲಿಲ್ಲ. ಆದರೂ ದೇಶದ ಸಾಲದ ವಿಷಯ ಎಲ್ಲರ ಬಾಯಲ್ಲಿ ಬಂತು" ಅಂದರು. ಹೆಸರು, ಮನೆ ನಂಬರು, ರಸ್ತೆ, ಎಲ್ಲವನ್ನೂ ಒಂದೊಂದೇ ಅಕ್ಷರ ಒತ್ತಿ ಬರೆದರು. ಕೊನೆಯ ಖಾನೆಯಲ್ಲಿ 'ಟೌನ್ ಅಥವಾ ಸಿಟಿ' ಅಂತ ಇತ್ತು. ಅಲ್ಲಿ 'ಹಿಕ್ಸ್‌ವಿಲ್' ಅಂತ ಬರೆದು ಪೆನ್ನು ವಾಪಸ್ ಕೊಟ್ಟರು. ಹೊತ್ತು ಹಿಡಿಯಿತು. ನಾನು ಹಲಗೆ ಅಲುಗದ ಹಾಗೆ ಹಿಡಿದಿದ್ದೆ.

ರಾತ್ರಿ ಹಾಳೆಗಳನ್ನು ನೋಡಲು ಬಂದ ಪಕ್ಷದ ಹುಡುಗಿ ನಮ್ಮ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕೆಂಪು ಪೆನ್ನು ತೆಗೆದಳು. ಹಿಕ್ಸ್‌ವಿಲ್ ಅನ್ನೋದು ಕಾನೂನಿನ ಲೆಕ್ಕದಲ್ಲಿ ಟೌನೂ ಅಲ್ಲ, ಸಿಟಿಯೂ ಅಲ್ಲ. ನಾವಿರುವುದು ಟೌನ್ ಆಫ್ ಆಯ್ಸ್ಟರ್ ಬೇ. ಅದನ್ನೇ ಬರೆಯಬೇಕಿತ್ತು. ತಿದ್ದಲು ಹೋದರೆ ಅದಕ್ಕೂ ಬೇರೆ ತಕರಾರು ತೆಗೆಯುತ್ತಾರೆ, ಇವನ್ನು ಲೆಕ್ಕಕ್ಕೆ ಹಿಡಿಯೋಕೆ ಆಗಲ್ಲ ಅಂದಳು. 31ರಲ್ಲಿ 19 ಹೋಯಿತು. ನನಗೂ ಈ ವಿಷಯ ಗೊತ್ತಿರಲಿಲ್ಲ, ತಪ್ಪು ನನ್ನದೂ ಇದೆ. ನಮ್ಮ ರೈಲ್ವೆ ಸ್ಟೇಷನ್ ಬೋರ್ಡಿನ ಮೇಲೆ ಹಿಕ್ಸ್‌ವಿಲ್. ಅಂಚೆ ವಿಳಾಸ ಹಿಕ್ಸ್‌ವಿಲ್. ಮಕ್ಕಳ ಶಾಲೆ ಹಿಕ್ಸ್‌ವಿಲ್. ಯಾರನ್ನೇ ಯಾವೂರು ಅಂತ ಕೇಳಿ, ಹಿಕ್ಸ್‌ವಿಲ್ ಅಂತಾನೇ ಹೇಳುತ್ತಾರೆ.

ಮರುದಿನ ಆ ಅಜ್ಜನ ಮನೆ ಹುಡುಕಿಕೊಂಡು ಹೋದೆ. ವಿಷಯ ಹೇಳಿದೆ. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. "ಐವತ್ತು ವರ್ಷದಿಂದ ಇಲ್ಲಿದ್ದೀನಿ. ನನ್ನ ಊರಿನ ಹೆಸರು ನನಗೇ ಗೊತ್ತಿಲ್ಲ ಅಂತೀರಾ?" ಅಂದರು. ಜಗಳಕ್ಕೆ ಅಂದಿದ್ದಲ್ಲ. ಮೆತ್ತಗೆ ಬಾಗಿಲು ಹಾಕಿಕೊಂಡರು. ಇನ್ನೊಂದು ಸಲ ಬೆಲ್ ಒತ್ತಲು ನನಗೆ ಮನಸ್ಸು ಬರಲಿಲ್ಲ.

ಆ ವರ್ಷ ಗವರ್ನರ್ ಸ್ಥಾನಕ್ಕೆ ಯಾವ ಸಣ್ಣ ಪಕ್ಷದ ಸ್ವಂತ ಅಭ್ಯರ್ಥಿಯ ಹೆಸರೂ ಮತಪತ್ರಕ್ಕೆ ಬರಲಿಲ್ಲ.

ಆಯ್ಸ್ಟರ್ ಬೇ ಅಂದೆನಲ್ಲ, ಹಿಂದೆ ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡೋರ್ ರೂಸ್ವೆಲ್ಟ್ ಬಾಳಿದ ಸ್ಯಾಗಮೋರ್ ಹಿಲ್ ಮನೆ ಇರುವುದು ಇದೇ ಟೌನಿನಲ್ಲಿ. ಅವರ ಸಮಾಧಿಯೂ ಇಲ್ಲೇ. ನೀವು ಕೂತಿರುವ ಕುರ್ಚಿಯಲ್ಲಿ ಒಂದು ಕಾಲಕ್ಕೆ ಅವರೂ ಕೂತಿದ್ದರು. 1912ರಲ್ಲಿ ರಿಪಬ್ಲಿಕನ್ ಪಕ್ಷ ಬಿಟ್ಟು ಪ್ರೋಗ್ರೆಸಿವ್ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ನಿಂತರು. 27% ಓಟು ಬಂತು. ಹಾಲಿ ಅಧ್ಯಕ್ಷ ಟಾಫ್ಟ್ ಮೂರನೇ ಸ್ಥಾನಕ್ಕೆ ಹೋದರು. ಗೆದ್ದಿದ್ದು ವುಡ್ರೋ ವಿಲ್ಸನ್, ನಿಜ. ಆದರೆ ಹೆಂಗಸರಿಗೆ ಓಟು, ಮಕ್ಕಳ ದುಡಿಮೆಗೆ ತಡೆ, ವಯಸ್ಸಾದವರಿಗೆ ವಿಮೆ, ಇವೆಲ್ಲ ಸೋತ ಆ ಪಕ್ಷದ ಪ್ರಣಾಳಿಕೆಯಲ್ಲಿ ಇದ್ದವು. ಹೆಂಗಸರಿಗೆ ಎಂಟು ವರ್ಷದಲ್ಲಿ ದೇಶದ ಎಲ್ಲೆಡೆ ಓಟಿನ ಹಕ್ಕು ಬಂತು. 1935ರಲ್ಲಿ ವಯಸ್ಸಾದವರಿಗೆ ಪಿಂಚಣಿ ಕೊಡುವ ಸೋಷಿಯಲ್ ಸೆಕ್ಯುರಿಟಿ ಬಂತು. ಇದೇ ನ್ಯೂಯಾರ್ಕ್ 1970ರಲ್ಲಿ ಕನ್ಸರ್ವೇಟಿವ್ ಪಕ್ಷದ ಜೇಮ್ಸ್ ಬಕ್ಲಿ ಅವರನ್ನು ಅಮೆರಿಕದ ಸೆನೆಟ್‌ಗೆ ಕಳಿಸಿತ್ತು. ಅವರ ರಾಜಕೀಯ ನನಗೆ ಹಿಡಿಸುವುದಿಲ್ಲ. ಆದರೆ ಗೆಲ್ಲುವ ಅವಕಾಶ ಅವರಿಗಿತ್ತು.

ನಿಮ್ಮ ಕಡೆಯವರು ಹೇಳುವ ಮಾತು ನನಗೆ ಗೊತ್ತು. ಮೂರನೆಯವರು ಓಟು ಒಡೆಯುತ್ತಾರೆ. 2000ದ ಅಧ್ಯಕ್ಷರ ಚುನಾವಣೆಯಲ್ಲಿ ಫ್ಲೋರಿಡಾದಲ್ಲಿ ನಿಮ್ಮ ಡೆಮಾಕ್ರಟಿಕ್ ಪಕ್ಷದ ಗೋರ್ ಎದುರು ಬುಷ್ ಗೆದ್ದಿದ್ದು 537 ಓಟಿನಿಂದ. ಗ್ರೀನ್ ಪಕ್ಷದ ರಾಲ್ಫ್ ನೇಡರ್‌ಗೆ ಅಲ್ಲಿ 97,000ಕ್ಕೂ ಜಾಸ್ತಿ ಓಟು ಬಿದ್ದಿತ್ತು. ಆ ನೋವು ಸುಳ್ಳಲ್ಲ. ಆದರೆ ಅದಕ್ಕೆ ಮದ್ದು ಓಟು ಎಣಿಸುವ ಕ್ರಮದಲ್ಲಿದೆ. ಮೇನ್ ರಾಜ್ಯದವರು 2018ರಿಂದ ಅಭ್ಯರ್ಥಿಗಳಿಗೆ ಒಂದು, ಎರಡು, ಮೂರು ಅಂತ ಕ್ರಮ ಕೊಟ್ಟು ಓಟು ಹಾಕುತ್ತಿದ್ದಾರೆ. ಮೊದಲ ಆಯ್ಕೆಯವರು ಹೊರಗೆ ಹೋದರೆ ಓಟು ಎರಡನೆಯವರಿಗೆ ಹೋಗುತ್ತದೆ. ನಿಮ್ಮದೇ ನ್ಯೂಯಾರ್ಕ್ ನಗರದಲ್ಲಿ 2021ರಿಂದ ಪ್ರೈಮರಿಗಳಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆಗಳಲ್ಲಿ, ಅದೇ ಪದ್ಧತಿ ಇದೆ. ಜನ ಕಲಿತುಕೊಂಡಿದ್ದಾರೆ. ಮದ್ದು ಕೈಯಲ್ಲಿ ಇಟ್ಟುಕೊಂಡು ಬಾಗಿಲಿಗೆ ಬೀಗ ಹಾಕೋದು ಯಾಕೆ?

ಇನ್ನೊಂದು ಕಾರಣ ಹೇಳುತ್ತಾರೆ, ಪ್ರಚಾರಕ್ಕೆ ಸರ್ಕಾರದ ಹಣ ಕೊಡುವಾಗ ಕಂಡಕಂಡವರು ಬಂದು ನಿಲ್ಲಬಾರದು ಅಂತ. 15,000 ಸಹಿ ಬೀದಿಯಲ್ಲಿ ನಿಂತು ತಂದವರು ಕಂಡಕಂಡವರಲ್ಲ. ನಾನು ನಿಂತಿದ್ದೇನೆ, ನನಗೆ ಗೊತ್ತು.

2020ರ ಆ ಬಜೆಟ್ ತಂದ ಗವರ್ನರ್ ಆಂಡ್ರ್ಯೂ ಕ್ವೋಮೊ 2025ರಲ್ಲಿ ಏನು ಮಾಡಿದರು? ನ್ಯೂಯಾರ್ಕ್ ನಗರದ ಮೇಯರ್ ಸ್ಥಾನಕ್ಕೆ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಸೋತ ಮೇಲೆ ಪಕ್ಷೇತರರಾಗಿ ನಿಂತರು. ಅಲ್ಲಿ ಅದಕ್ಕೆ ಬೇಕಾದದ್ದು 3,750 ಸಹಿ. ಅವರು ನಿಂತದ್ದು ತಪ್ಪಲ್ಲ. ಜನ ಓಟೂ ಹಾಕಿದರು. ಅವರಿಗೆ ಸಿಕ್ಕ ಆ ದಾರಿ ಬೇರೆಯವರಿಗೂ ಇರಲಿ ಅಂತಲೇ ನಾನು ಕೇಳುತ್ತಿರುವುದು. ಇಳಿಸಿ, 15,000ಕ್ಕೆ ಇಳಿಸಿ.

ಊರಿನಲ್ಲಿ ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದರೆ ನಂಬಲೇ ಇಲ್ಲ. 2019ರಲ್ಲಿ ನಮ್ಮ ಮಂಡ್ಯದಲ್ಲಿ ಸುಮಲತಾ ಅಂಬರೀಶ್ ಪಕ್ಷೇತರರಾಗಿ ನಿಂತು, ಆಗಿನ ಮುಖ್ಯಮಂತ್ರಿಯ ಮಗನ ಎದುರು ಲಕ್ಷಕ್ಕೂ ಜಾಸ್ತಿ ಓಟಿನಿಂದ ಗೆದ್ದರು. ಬಿಜೆಪಿ ತನ್ನ ಅಭ್ಯರ್ಥಿ ಹಾಕದೆ ಬೆಂಬಲ ಕೊಟ್ಟಿತ್ತು, ಅದೂ ನಿಜ. ಆದರೆ ನಾಮಪತ್ರ ಸಲ್ಲಿಸಲು ಪಕ್ಷೇತರರಿಗೆ ಅಲ್ಲಿ ಬೇಕಾದದ್ದು ಹತ್ತು ಜನ ಸೂಚಕರು ಮತ್ತು 25,000 ರೂಪಾಯಿ ಠೇವಣಿ. ಹತ್ತು ಜನ! "ಅಷ್ಟು ದೊಡ್ಡ ದೇಶ, ಅಲ್ಲಿ ಇಬ್ಬರೇನಾ ನಿಲ್ಲೋದು?" ಅಂತ ಅಮ್ಮ ಕೇಳಿದರು. ಏನು ಹೇಳಲಿ?

ಈ ಇಬ್ಬರಲ್ಲಿ ಒಬ್ಬರು ಅನ್ನೋದು ಮತಪತ್ರದಲ್ಲೇ ಮುಗಿದಿದ್ದರೆ ಇಷ್ಟು ಸಂಕಟ ಆಗುತ್ತಿರಲಿಲ್ಲ. ಅದು ನಮ್ಮ ಮನೆಗಳ ಒಳಗೂ ಬಂದಿದೆ. ನಮ್ಮ ಕನ್ನಡ ಕೂಟದಲ್ಲಿ ಎರಡು ಕುಟುಂಬಗಳು ಹದಿನೈದು ವರ್ಷದಿಂದ ಯುಗಾದಿ ಹಬ್ಬಕ್ಕೆ ಒಟ್ಟಿಗೆ ಹೋಳಿಗೆ ಮಾಡುತ್ತಿದ್ದವು. 2024ರ ಚುನಾವಣೆಯಲ್ಲಿ ವಾಟ್ಸಾಪ್ ಗುಂಪಿನಲ್ಲಿ ಶುರುವಾದ ಮಾತು ಎಲ್ಲಿಗೋ ಹೋಯಿತು. ಮುಂದಿನ ಯುಗಾದಿಗೆ ಒಬ್ಬರು ಬಂದರೆ ಇನ್ನೊಬ್ಬರು ಬರಲಿಲ್ಲ. ಇಬ್ಬರೂ ನನಗೆ ಬೇಕಾದವರು. ಇಬ್ಬರೂ ನನ್ನ ಹತ್ತಿರ ಬೇರೆಬೇರೆಯಾಗಿ ಹೇಳಿದ್ದು ಒಂದೇ ಮಾತು: "ಇವರೂ ಅಷ್ಟೊಂದು ಇಷ್ಟ ಅಂತಲ್ಲ, ಅವರು ಬರಬಾರದು ಅಷ್ಟೇ." ಇಷ್ಟವಿಲ್ಲದವರಿಗೆ ಓಟು ಹಾಕಿ, ಅವರಿಗಾಗಿ ಸ್ನೇಹಿತರನ್ನೂ ಕಳೆದುಕೊಂಡಿದ್ದಾರೆ. 2023ರ ಗ್ಯಾಲಪ್ ಸಮೀಕ್ಷೆಯಲ್ಲಿ 63% ಅಮೆರಿಕನ್ನರು ಮೂರನೇ ದೊಡ್ಡ ಪಕ್ಷ ಬೇಕು ಅಂದಿದ್ದರು. ಅಷ್ಟು ಜನ ಬೇಕು ಅಂದರೂ ನಮ್ಮ ರಾಜ್ಯದ ಮತಪತ್ರದಲ್ಲಿ ಅವರಿಗೆ ಒಂದು ಸಾಲು ಜಾಗವಿಲ್ಲ.

ಮೂರನೇ ಪಕ್ಷ ನಾಳೆಯೇ ಗೆಲ್ಲುತ್ತದೆ ಅಂತ ನಾನು ತಿಳಿದಿಲ್ಲ. ಬಹುಶಃ ನನ್ನ ಕಾಲದಲ್ಲಿ ಅಧ್ಯಕ್ಷ ಸ್ಥಾನ ಗೆಲ್ಲುವುದಿಲ್ಲ. ನಾನು ಕೇಳುತ್ತಿರುವುದು ಸ್ಪರ್ಧಿಸುವ ಹಕ್ಕು.

ಗವರ್ನರ್ ಅವರೇ, ಪ್ರತಿ ವರ್ಷ ಬಜೆಟ್ ಮಂಡಿಸುವವರು ನೀವು. ಈ ನಿಯಮ ಬಂದದ್ದು ಬಜೆಟ್ ದಾರಿಯಲ್ಲಿ. ಅದೇ ದಾರಿಯಲ್ಲಿ ತೆಗೆಯಬಹುದು. ಮುಂದಿನ ಬಜೆಟ್ಟಿನಲ್ಲಿ ಸೇರಿಸಿ: ಸಹಿ 15,000. ಮಾನ್ಯತೆಗೆ 50,000 ಓಟು, ನಾಲ್ಕು ವರ್ಷಕ್ಕೊಮ್ಮೆ. ಆ 'ಟೌನ್ ಅಥವಾ ಸಿಟಿ' ಖಾನೆಯಲ್ಲಿ ಜನ ತಮ್ಮ ಊರಿನ ಹೆಸರು ಬರೆದರೆ, ಮನೆ ನಂಬರು, ರಸ್ತೆ ಸರಿ ಇದ್ದರೆ, ಆ ಸಹಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿ. ಈ ಮೂರು ಸಾಲು ಸಾಕು.

ಇವಿಷ್ಟು ಆದ ದಿನ ನಾನು ಮತ್ತೆ ಆ ಅಜ್ಜನ ಮನೆ ಬಾಗಿಲಿಗೆ ಹೋಗುತ್ತೇನೆ. ಹಲಗೆ, ಪೆನ್ನು ಎರಡೂ ಎತ್ತಿಟ್ಟಿದ್ದೇನೆ.

ಇತಿ,
ಒಬ್ಬ ಮತದಾರಳು
ಹಿಕ್ಸ್‌ವಿಲ್, ಟೌನ್ ಆಫ್ ಆಯ್ಸ್ಟರ್ ಬೇ